ಕೊನೇ ಬೆಂಚಿಗೂ ಪ್ರಯೋಗ ಕಾಣಲಿ: ಅಗ್ಗದ ವೆಬ್‌ಕ್ಯಾಮ್ ಹೊಂದಿಸುವ ಬಗೆ

ಮೇಜಿನ ಮೇಲಿನ ಪ್ರಯೋಗವನ್ನು ತರಗತಿಯ ಪರದೆಯ ಮೇಲೆ ದೊಡ್ಡದಾಗಿ ತೋರಿಸಲು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವೆಬ್‌ಕ್ಯಾಮ್ ಕೊಳ್ಳುವಾಗ ಡಬ್ಬಿಯ ಮೇಲಿನ ಮೆಗಾಪಿಕ್ಸೆಲ್ ಲೆಕ್ಕ ಬಿಡಿ. ಲೆನ್ಸಿನ ಸುತ್ತ ಕೈಯಲ್ಲಿ ತಿರುಗಿಸುವ ಫೋಕಸ್ ಬಳೆ ಇದೆಯೇ ನೋಡಿ. ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬಿಲ್ಲಿನ ಸಣ್ಣ ಅಕ್ಷರವನ್ನು 10 ಸೆಂ.ಮೀ. ದೂರದಲ್ಲಿ ಹಿಡಿದು ಬಳೆ ತಿರುಗಿಸಿ. ಅಕ್ಷರ ಸ್ಪಷ್ಟವಾದರೆ ಕೊಳ್ಳಿ. ಫೋಕಸ್ ಬದಲಾಗದವು ಮುಖ ತೋರಿಸಲೆಂದು ಮಾಡಿದವು, ಹತ್ತಿರ ತಂದರೆ ಎಲ್ಲ ಮಸುಕು. ಆಟೋಫೋಕಸ್ ಆದರೋ ನಿಮ್ಮ ಕೈ ಅಡ್ಡ ಬಂದಾಗಲೆಲ್ಲ ಪ್ರಯೋಗ ಬಿಟ್ಟು ಕೈಯ ಹಿಂದೆ ಹೋಗುತ್ತದೆ.

ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ, ಲ್ಯಾಬಿನ ಕ್ಲಾಂಪ್ ಸ್ಟ್ಯಾಂಡೇ ಸಾಕು. ಕ್ಲಾಂಪಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಕ್ಯಾಮೆರಾ ಜಾರುವುದಿಲ್ಲ. ಮೇಜಿನಿಂದ 30 ಸೆಂ.ಮೀ. ಎತ್ತರ, ಲೆನ್ಸ್ ನೆಟ್ಟಗೆ ಕೆಳಮುಖ. ಎಕ್ಸ್‌ಟೆನ್ಷನ್ ಸೇರಿಸಿ ಯುಎಸ್‌ಬಿ ವೈರು 5 ಮೀಟರ್ ದಾಟಬಾರದು. ದಾಟಿದರೆ ಚಿತ್ರ ಆಗಾಗ ಕಟ್ ಆಗುತ್ತದೆ.

ಲ್ಯಾಪ್‌ಟಾಪಿಗೆ ಒಬಿಎಸ್ ಎಂಬ ವಿಡಿಯೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ರೆಸಲ್ಯೂಶನ್ 1280×720, ಫಾರ್ಮ್ಯಾಟ್ ಎಂಜೆಪಿಇಜಿ, ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಬಗೆ. ಕುಗ್ಗಿಸದೆ ಕಳಿಸುವ ವೈಯುವೈ2 ಆರಿಸಿದರೆ ಸೆಕೆಂಡಿಗೆ 30 ಫ್ರೇಮಿಗೆ ಸುಮಾರು 440 ಮೆಗಾಬಿಟ್ ಬೇಕು, ಯುಎಸ್‌ಬಿ 2.0 ಅಷ್ಟನ್ನು ಹೊರಲಾರದೆ ಚಿತ್ರ ತಡವರಿಸುತ್ತದೆ. 'ಕಾನ್ಫಿಗರ್ ವಿಡಿಯೋ' ಒತ್ತಿ ಪವರ್‌ಲೈನ್ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್ ಮಾಡಿ. 60 ಇದ್ದರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಪರದೆಯ ಮೇಲೆ ಪಟ್ಟೆಗಳು ಹರಿಯುತ್ತವೆ.

ನಿಜವಾದ ತಲೆನೋವು ಆಟೋ ವೈಟ್ ಬ್ಯಾಲೆನ್ಸಿನದು, ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ತಿದ್ದುವುದು. ಅನುಮಾಪನದಲ್ಲಿ (ಟೈಟ್ರೇಶನ್) ಸೂಚಕವಾದ ಫಿನಾಲ್ಫ್ಥಲೀನ್ ತಿಳಿಗುಲಾಬಿಗೆ ತಿರುಗುವ ಆ ಒಂದು ಹನಿಯೇ ಪಾಠ. ಕ್ಯಾಮೆರಾ ಆ ಗುಲಾಬಿಯನ್ನು ಕೊಠಡಿಯ ಬೆಳಕಿನ ದೋಷ ಅಂದುಕೊಂಡು ಬೆಳ್ಳಗೆ ತೊಳೆದುಬಿಡುತ್ತದೆ. ಅದಕ್ಕೆ ಮೊದಲು ಖಾಲಿ ಬಿಳಿ ಹಾಳೆ ತೋರಿಸಿ, ಹಾಳೆ ಬೆಳ್ಳಗೆ ಕಂಡೊಡನೆ ಅದೇ 'ಕಾನ್ಫಿಗರ್ ವಿಡಿಯೋ'ದಲ್ಲಿ ವೈಟ್ ಬ್ಯಾಲೆನ್ಸಿನ ಆಟೋ ಟಿಕ್ ತೆಗೆಯಿರಿ. ಆಮೇಲೆ ಕ್ಯಾಮೆರಾವನ್ನು ಫ್ಲಾಸ್ಕಿನ ಮಟ್ಟಕ್ಕೆ ಇಳಿಸಿ, ಅದೇ ಹಾಳೆಯನ್ನು ಫ್ಲಾಸ್ಕಿನ ಹಿಂದೆ ನಿಲ್ಲಿಸಿ, ಫೋಕಸ್ ಬಳೆಯನ್ನು ಮತ್ತೆ ಹೊಂದಿಸಿ.

ಮೋಂಬತ್ತಿ ಜ್ವಾಲೆಗೆ ಆಟೋ ಎಕ್ಸ್‌ಪೋಶರ್ ಕೂಡ ತೆಗೆಯಬೇಕು. ಸುತ್ತ ಕತ್ತಲಿದ್ದರೆ ಅದು ಬೆಳಕು ಏರಿಸಿ ಜ್ವಾಲೆಯನ್ನು ಬರೀ ಬಿಳಿ ಮಚ್ಚೆ ಮಾಡುತ್ತದೆ. ಬತ್ತಿಯ ಸುತ್ತಲಿನ ಕಪ್ಪು ವಲಯ ಕಾಣುವವರೆಗೆ ಎಕ್ಸ್‌ಪೋಶರ್ ಇಳಿಸುತ್ತಾ ಹೋಗಿ.

ದಂಡಕಾಂತ, ಕಬ್ಬಿಣದ ರಜದ ಪ್ರಯೋಗಕ್ಕೆ ಗಾಜು ಬೇಡ, ಟ್ಯೂಬ್‌ಲೈಟ್ ಅದರಲ್ಲೇ ಹೊಳೆಯುತ್ತದೆ. ಹೊಳಪಿಲ್ಲದ ಡ್ರಾಯಿಂಗ್ ಹಾಳೆ ಹಾಸಿ, ಟೇಬಲ್ ಲ್ಯಾಂಪನ್ನು ಪಕ್ಕದಿಂದ ತಗ್ಗಿಸಿ ಹಿಡಿದರೆ ರಜದ ಗೆರೆಗಳು ನೆರಳಿನಿಂದ ಎದ್ದು ಕಾಣುತ್ತವೆ. ಚಿತ್ರ ತಲೆಕೆಳಗಾಗಿದ್ದರೆ ಸ್ಟ್ಯಾಂಡ್ ಮುಟ್ಟಬೇಡಿ. ಒಬಿಎಸ್‌ನಲ್ಲಿ ಟ್ರಾನ್ಸ್‌ಫಾರ್ಮ್‌ಗೆ ಹೋಗಿ 180 ಡಿಗ್ರಿ ತಿರುಗಿಸಿ.