ಕಿಟ್ ಆರ್ಡರ್ ಮಾಡೋ ಮುಂಚೆ ಅಡುಗೆಮನೆ ನೋಡಿ: ಮಕ್ಕಳ ಕೈಲೇ ಮಾಡಿಸಬಹುದಾದ ಕೆಲವು ಪ್ರಯೋಗಗಳು

ಆ್ಯಕ್ಟಿವಿಟಿ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ಥರ್ಮಾಕೋಲು, ಗ್ಲಿಟರ್, ಫೆವಿಕಾಲ್ ನೆನಪಾಗುತ್ತೆ, ಜೊತೆಗೆ ರಾತ್ರಿ ಒಂಬತ್ತೂವರೆಗೆ ಸ್ಟೇಷನರಿ ಅಂಗಡಿಗೆ ಓಡಿದ್ದೂ ನೆನಪಾಗುತ್ತೆ. ಅಮ್ಮ ಕಟ್ ಮಾಡ್ತಾಳೆ, ಅಪ್ಪ ಅಂಟಿಸ್ತಾರೆ, ಮಗು ಅಷ್ಟೊತ್ತಿಗೆ ಮಲಗಿರುತ್ತೆ, ಬೆಳಿಗ್ಗೆ ಶಾಲೇಲಿ ಆ ಜ್ವಾಲಾಮುಖಿ ಮಾಡೆಲ್‌ಗೆ ಸ್ಟಾರ್ ಬೇರೆ. ಪ್ರೈಮರಿ ಶಾಲೇಲಿ ಪಾಠ ಮಾಡೋಳಾಗಿ ಹೇಳ್ತೀನಿ, ಆ ಮಾಡೆಲ್ ಯಾರು ಮಾಡಿದ್ದು ಅಂತ ನಮಗೆ ನೋಡಿದ ತಕ್ಷಣ ಗೊತ್ತಾಗುತ್ತೆ.

ಇಲ್ಲಿ ಬರೀತಿರೋದು ಬೇರೆ ಥರದ್ದು. ಸಾಮಾನು ಮನೇಲೇ ಇರುತ್ತೆ, ಮಗುವೇ ಮಾಡುತ್ತೆ, ಏನಾಗುತ್ತೆ ಅಂತ ಮೊದಲೇ ಯಾರೂ ಹೇಳಬಾರದು. ನಿಯಮ ಒಂದೇ. ಕೈ ಹಾಕೋ ಮುಂಚೆ ಮಗು ಊಹೆ ಮಾಡಿ ಬರೀಬೇಕು, ಆಮೇಲೆ ಮಾಡಿ ನೋಡಬೇಕು, ಅಲ್ಲೀವರೆಗೂ ದೊಡ್ಡೋರು ಬಾಯಿ ಮುಚ್ಕೊಂಡಿರಬೇಕು. ಮೂರನೇದೇ ಕಷ್ಟ, ಅದ್ರಲ್ಲೂ ಇಂಜಿನಿಯರ್ ಅಪ್ಪಂದಿರಿಗೆ.

ಅರಿಶಿನದ ಕಾಗದ

ಬಿಳಿ ಶರ್ಟ್ ಮೇಲೆ ಸಾರು ಚೆಲ್ಲಿದಾಗ ಆ ಹಳದಿ ಕಲೆಗೆ ಸೋಪು ತಾಕಿದ್ರೆ ಕೆಂಪಾಗುತ್ತಲ್ಲ, ಎಲ್ಲಾ ಮನೇಲೂ ನೋಡಿರ್ತಾರೆ, ಯಾಕೆ ಅಂತ ಯಾರೂ ಕೇಳಿರಲ್ಲ. ಅಲ್ಲಿಂದಲೇ ಶುರು ಮಾಡಿ. ಎರಡು ಚಮಚ ಅರಿಶಿನದ ಪುಡಿಗೆ ಸ್ವಲ್ಪ ನೀರು ಹಾಕಿ ತೆಳ್ಳಗೆ ಕಲಸಿ, ಕೊರೋನಾ ಕಾಲದ ಸ್ಯಾನಿಟೈಸರ್ ಬಾಟ್ಲಿ ಇನ್ನೂ ಮೂಲೇಲಿದ್ರೆ (ನೀರಿನ ಥರದ್ದು, ಜೆಲ್ ಬೇಡ) ಅದ್ರಲ್ಲೇ ಕಲಸಿ, ಬಣ್ಣ ಚೆನ್ನಾಗಿ ಬಿಡುತ್ತೆ, ಬೇಗ ಒಣಗುತ್ತೆ, ಒಲೆ ಹತ್ರ ಮಾತ್ರ ಮಾಡಬೇಡಿ, ಅದು ಹೊತ್ಕೊಳ್ಳೋ ಪದಾರ್ಥ. ನೋಟ್‌ಬುಕ್ಕಿನ ಖಾಲಿ ಹಾಳೆ ಅಥವಾ ಟಿಶ್ಯೂ ಪೇಪರಿಗೆ ಇದನ್ನ ಬಳಿದು ನೆರಳಲ್ಲಿ ಒಣಗಿಸಿ, ಬೆರಳಗಲದ ಪಟ್ಟಿ ಕತ್ತರಿಸಿ. ನೆಲಕ್ಕೆ ಹಳೇ ಪೇಪರ್ ಹಾಸ್ಕೊಳ್ಳೋದು ಮರೀಬೇಡಿ, ಅರಿಶಿನ ಟೈಲ್ಸ್ ಸಂದೀಲಿ ಕೂತ್ರೆ ಏಳಲ್ಲ.

ಈಗ ಸಣ್ಣ ಬಟ್ಟಲುಗಳಲ್ಲಿ ಒಂದೊಂದು ಹಾಕಿಡಿ: ನಿಂಬೆರಸ, ಹುಣಸೆ ನೀರು, ಮಜ್ಜಿಗೆ, ಅಡುಗೆ ಸೋಡಾ ನೀರು, ಬಟ್ಟೆ ಸೋಪಿನ ನೀರು, ಶಾಂಪೂ, ಸೌದೆ ಒಲೆ ಇದ್ರೆ ಬೂದಿ ಕಲಸಿದ ನೀರು. ಮಗು ಒಂದೊಂದರ ಮುಂದೆ "ಕೆಂಪಾಗುತ್ತೆ", "ಆಗಲ್ಲ" ಅಂತ ಬರೀಲಿ, ಆಮೇಲೆ ಪಟ್ಟಿ ಅದ್ದಲಿ. ಸೋಪಿನ ನೀರಲ್ಲಿ ಪಟ್ಟಿ ಕೆಂಪಗೆ ತಿರುಗೋ ಆ ಕ್ಷಣಕ್ಕೆ ಇಡೀ ಕ್ಲಾಸ್ ಹೋ ಅನ್ನುತ್ತೆ. ಬೂದಿ ನೀರೂ ಕೆಂಪು ಮಾಡುತ್ತೆ, ಅಡುಗೆ ಸೋಡಾ ಅಷ್ಟು ಜೋರಾಗಿ ಮಾಡಲ್ಲ, ಸ್ವಲ್ಪ ಇಟ್ಟಿಗೆ ಬಣ್ಣಕ್ಕೆ ಬರುತ್ತೆ, ನಿಂಬೆ, ಹುಣಸೆ, ಮಜ್ಜಿಗೆ ಎಲ್ಲಾ ಹಳದೀನೇ. ಸೋಪಿಗೂ ಬೂದಿಗೂ ಏನು ಸಂಬಂಧ ಅಂತ ಕೇಳಿ ಸುಮ್ಮನಾಗಿ. ಅಜ್ಜಿ ಇರೋ ಮನೆ ಮಗು ಯಾವುದಾದ್ರೂ ಒಂದು "ಮಿಸ್, ಮೊದಲು ಪಾತ್ರೆ ಬೂದೀಲೇ ಉಜ್ತಿದ್ರಂತೆ" ಅಂತ ಹೇಳೇ ಹೇಳುತ್ತೆ, ಎರಡರಲ್ಲೂ ಕ್ಷಾರ (ಹುಳಿಗೆ ವಿರುದ್ಧ ಗುಣದ್ದು) ಇದೆ, ಅದೇ ಅರಿಶಿನಾನ ಕೆಂಪು ಮಾಡುತ್ತೆ, ಜಿಡ್ಡನ್ನೂ ಬಿಡಿಸುತ್ತೆ ಅನ್ನೋದನ್ನ ಆಗ ಹೇಳಿದ್ರೆ ತಲೇಲಿ ನಿಲ್ಲುತ್ತೆ. ಶಾಂಪೂ ಮಾತ್ರ ಮಕ್ಕಳಿಗೆ ಮೋಸ ಮಾಡುತ್ತೆ, ಸೋಪಿನ ಥರ ನೊರೆ ಬರುತ್ತಲ್ಲ ಅಂತ ಎಲ್ರೂ ಕೆಂಪು ಅಂತ ಬರೀತಾರೆ, ಆದ್ರೆ ಸಾಮಾನ್ಯವಾಗಿ ಪಟ್ಟಿ ಹಳದಿಯಾಗೇ ಉಳಿಯುತ್ತೆ, ಯಾಕಂದ್ರೆ ಶಾಂಪೂಗಳಲ್ಲಿ ಬಟ್ಟೆ ಸೋಪಿನಷ್ಟು ಕ್ಷಾರ ಇರಲ್ಲ. ನೊರೆ ಬಂದ್ರೆ ಕ್ಷಾರ ಅಂತಲ್ಲ ಅನ್ನೋದು ಅಲ್ಲಿಗೆ ತೀರ್ಮಾನ.

ಕೆಂಪಾದ ಪಟ್ಟಿ ಮೇಲೆ ನಿಂಬೆರಸ ಹಿಂಡಿಸಿ, ವಾಪಸ್ ಹಳದಿ. ಮತ್ತೆ ಸೋಪು, ಮತ್ತೆ ಕೆಂಪು. ಮಕ್ಕಳು ಇದನ್ನ ಪಟ್ಟಿ ಹರಿದು ಹೋಗೋವರೆಗೂ ಮಾಡ್ತಾರೆ, ಮಾಡಲಿ ಬಿಡಿ. ಆರತಿ ತಟ್ಟೇಲಿ ಅರಿಶಿನಕ್ಕೆ ಸುಣ್ಣ ಕಲಸಿದ್ರೆ ನೀರು ಕೆಂಪಾಗೋದೂ ಇದೇ ಕಾರಣಕ್ಕೆ, ಹಳೇ ಪದ್ಧತೀಲಿ ಕುಂಕುಮ ಮಾಡೋದೂ ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸೇನೇ. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಹೋದ್ರೆ ಅಪಾಯ, ಎಲೆ ಅಡಿಕೆ ಡಬ್ಬಿಯಿಂದ ಒಂದು ಚೂರು ನೀವೇ ಹಾಕಿ ತೋರಿಸಿ. ಮುಗೀತು ಅನ್ನಿಸಿದ್ರೆ ಕೆಂಪು ದಾಸವಾಳದ ಎಸಳು ಬಿಸಿನೀರಲ್ಲಿ ನೆನೆಹಾಕಿ ಬಣ್ಣ ಬಿಡಿಸಿ ಅದಕ್ಕೂ ಇದೇ ಪರೀಕ್ಷೆ ಮಾಡಿಸಿ. ನಿಂಬೆಗೆ ಗಾಢ ಗುಲಾಬಿ, ಸೋಡಾಕ್ಕೆ ಹಸಿರು. ಅರಿಶಿನದ್ದು ಕ್ಷಾರಕ್ಕೆ ಮಾತ್ರ ಬದಲಾಗುತ್ತೆ, ದಾಸವಾಳದ್ದು ಹುಳಿಗೂ ಕ್ಷಾರಕ್ಕೂ, ಇದನ್ನ ನೀವು ಹೇಳಬೇಡಿ, ಯಾವುದಾದ್ರೂ ಮಗು ಕಂಡುಹಿಡಿಯುತ್ತೆ.

ಚೌಕಾಬಾರ ಮತ್ತು ಲೆಕ್ಕ

ಬೇಸಿಗೆ ರಜೇಲಿ ಇದಕ್ಕಿಂತ ಒಳ್ಳೆ ಗಣಿತ ನನಗೆ ಗೊತ್ತಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು, ನಾಲ್ಕು ಕವಡೆ ತಗೊಳ್ಳಿ. ಕವಡೆ ಇಲ್ಲ ಅಂದ್ರೆ ಇನ್ನೂ ಒಳ್ಳೇದು, ಹುಣಸೆ ಬೀಜ ತೇಯೋ ಕೆಲಸ ಸಿಗುತ್ತೆ. ಬೀಜದ ಒಂದು ಮುಖಾನ ಒರಟು ಕಲ್ಲಿನ ಮೇಲೆ ಬಿಳಿ ಕಾಣೋವರೆಗೂ ಉಜ್ಜಬೇಕು, ಉಜ್ತಾ ಉಜ್ತಾ ಅದು ಬಿಸಿಯಾಗುತ್ತೆ, ಆ ಬಿಸಿ ಬೀಜಾನ ಪಕ್ಕದೋನ ತೋಳಿಗೆ ಒತ್ತಿ ಚುರ್ ಅನ್ನಿಸದೆ ಯಾವ ಮಗೂನೂ ಬಿಡಲ್ಲ. ಬೈಯೋ ಮುಂಚೆ, ಈ ಬಿಸಿ ಎಲ್ಲಿಂದ ಬಂತು ಅಂತ ಒಂದು ಪ್ರಶ್ನೆ ಹಾಕಿ, ಘರ್ಷಣೆ ಪಾಠ ಅಲ್ಲೇ ಆಗಿಹೋಗುತ್ತೆ.

ಆಟ ಗೊತ್ತಿರೋದೇ. ಬಿಳಿ ಮೇಲೆ ಬಿದ್ದಷ್ಟು ಎಣಿಕೆ, ನಾಲ್ಕೂ ಮೇಲೆ ಬಿದ್ರೆ ಚೌಕ ಅಂದ್ರೆ ನಾಲ್ಕು, ನಾಲ್ಕೂ ಬೋರಲು ಬಿದ್ರೆ ಬಾರ ಅಂದ್ರೆ ಎಂಟು. ಒಂದೆರಡು ಆಟ ಆಡಿ ಬಿಸಿ ಏರಿದ ಮೇಲೆ ಕೇಳಿ, ಯಾವುದು ಜಾಸ್ತಿ ಸಲ ಬೀಳುತ್ತೆ? ಸೋತು ಕೂತಿರೋ ಮಗು "ಅವನಿಗೆ ಬರೀ ಚೌಕ ಬೀಳುತ್ತೆ" ಅಂತ ದೂರು ಹೇಳುತ್ತೆ, ಆ ದೂರನ್ನೇ ಊಹೆ ಅಂತ ಬರೆಸ್ಕೊಳ್ಳಿ. ಆಮೇಲೆ ಆಟ ನಿಲ್ಲಿಸಿ ಸುಮ್ಮನೆ 80 ಸಲ ಹಾಕಿಸಿ, ಒಬ್ರು ಹಾಕೋದು, ಒಬ್ರು ಕೂಗೋದು, ಒಬ್ರು ನೆಲದ ಮೇಲೆ 1, 2, 3, 4, 8 ಅಂತ ಬರೆದು ಅದರ ಮುಂದೆ ಒಂದೊಂದು ಕಡಲೆಕಾಳು ಸಾಲಾಗಿ ಜೋಡಿಸ್ತಾ ಹೋಗೋದು. ನೋಡ್ತಾ ನೋಡ್ತಾ ಎರಡರ ಸಾಲು ಉದ್ದ ಆಗುತ್ತೆ, ಚೌಕ, ಬಾರದ ಸಾಲು ಕುಳ್ಳಗೇ ಉಳಿಯುತ್ತೆ. ಬಾರ್ ಗ್ರಾಫ್ ಅಂತ ಪುಸ್ತಕದಲ್ಲಿ ಬರೋದು ಇದೇ ಸಾಲು.

ಆರು, ಏಳನೇ ಕ್ಲಾಸಿನ ಮಕ್ಕಳಾದ್ರೆ ಯಾಕೆ ಹೀಗೆ ಅಂತ ಹುಡುಕಿಸಿ. ಪ್ರತಿ ಬೀಜಕ್ಕೂ ಎರಡು ಮುಖ, ನಾಲ್ಕು ಬೀಜ, ಒಟ್ಟು 16 ರೀತೀಲಿ ಬೀಳಬಹುದು, ಎಲ್ಲಾನೂ ಕಪ್ಪು ಬಿಳುಪು ಚುಕ್ಕಿ ಹಾಕಿ ಬರೆಸಿ. ಎರಡು ಬೀಳೋಕೆ 6 ದಾರಿ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಹಾಗಾದ್ರೆ 80 ಸಲಕ್ಕೆ ಎರಡು ಸುಮಾರು 30 ಸಲ, ಚೌಕ 5 ಸಲ ಬರಬೇಕು. ನಿಮ್ಮ ಸಾಲು ಅಷ್ಟು ಸರಿಯಾಗಿ ಬರಲ್ಲ, ಯಾಕಂದ್ರೆ ಹುಣಸೆ ಬೀಜ ಒಂದು ಕಡೆ ಉಬ್ಬು, ತೇದ ಕಡೆ ಚಪ್ಪಟೆ, ಎರಡೂ ಕಡೆ ಸಮಾನವಾಗಿ ಬೀಳಲ್ಲ. ಯಾವ ಬೀಜ ಯಾವ ಕಡೆಗೆ ವಾಲುತ್ತೆ ಅಂತ ಒಂದೊಂದೇ ಬೀಜ ಹಾಕಿ ಪರೀಕ್ಷೆ ಮಾಡೋದಕ್ಕೆ ಮಕ್ಕಳು ಶುರು ಮಾಡಿದ್ರೆ ನೀವು ಎದ್ದು ಹೋಗಿ ಕಾಫಿ ಮಾಡ್ಕೊಳ್ಳಿ, ಅವರಿಗೆ ನಿಮ್ಮ ಅಗತ್ಯ ಇಲ್ಲ.

ಅಳಗುಳಿಮಣೆ, ಅದೇ ಕರಾವಳಿ ಕಡೆಯೋರ ಚೆನ್ನೆಮಣೆ, ಚಿಕ್ಕ ಮಕ್ಕಳಿಗೆ ಎಣಿಸೋಕೆ, ಕೂಡೋಕೆ ಚೆನ್ನಾಗಿರುತ್ತೆ. ಏಳೇಳು ಗುಳಿ ಎರಡು ಸಾಲು, ಮಣೆ ಇಲ್ದಿದ್ರೆ ಮೊಟ್ಟೆ ಟ್ರೇ ಕತ್ತರಿಸಿ ಜೋಡಿಸಿದ್ರೆ ಸಾಕು. ಕಾಳಿಗೆ ಗುಲಗಂಜಿ ಮಾತ್ರ ಕೊಡಬೇಡಿ, ನೋಡೋಕೆ ಚೆಂದ ಆದ್ರೆ ವಿಷ, ಅಗಿದು ನುಂಗಿದ್ರೆ ಪ್ರಾಣಕ್ಕೇ ಕುತ್ತು. ತೀರಾ ಪುಟ್ಟೋರಿಗೆ ಯಾವ ಬೀಜಾನೂ ಬೇಡ, ಮೂಗಿಗೆ ಹಾಕ್ಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತೆ.

ಮಧ್ಯಾಹ್ನ ಅಂದ್ರೆ ಎಷ್ಟು ಗಂಟೆ?

ಮಕ್ಕಳನ್ನ ಕೇಳಿ ನೋಡಿ, ಸೂರ್ಯ ತುಂಬಾ ಮೇಲೆ ಬರೋದು ಎಷ್ಟು ಹೊತ್ತಿಗೆ? ಎಲ್ರೂ 12 ಅಂತಾರೆ. ದೊಡ್ಡೋರೂ ಅಂತಾರೆ. ಬಿಸಿಲು ಚೆನ್ನಾಗಿರೋ ದಿನ ಅಂಗಳದಲ್ಲಿ ಅಥವಾ ಟೆರೇಸಲ್ಲಿ ಬಕೆಟ್ಟಿಗೆ ಮರಳು ತುಂಬಿ ಒಂದು ನೇರ ಕೋಲು ನಿಲ್ಲಿಸಿ, ಸರಿಯಾಗಿ ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ, ಗಾರೆ ಕೆಲಸದೋರು ಗೋಡೆಗೆ ನೋಡ್ತಾರಲ್ಲ ಹಾಗೆ. 11 ಗಂಟೆಯಿಂದ ಕಾಲು ಗಂಟೆಗೊಂದು ಸಲ ನೆರಳಿನ ತುದೀಗೆ ಸೀಮೆಸುಣ್ಣದ ಗುರುತು ಹಾಕಿ ಪಕ್ಕದಲ್ಲಿ ಟೈಮ್ ಬರೀಲಿ, 12ರಿಂದ 12:45ರವರೆಗೆ ಐದೈದು ನಿಮಿಷಕ್ಕೆ ಹಾಕಲಿ. ನೆರಳು ತೀರಾ ಚಿಕ್ಕದಾಗೋದು ನಮ್ಮ ರಾಜ್ಯದಲ್ಲಿ 12 ದಾಟಿದ ಮೇಲೇನೇ. ಯಾಕಂದ್ರೆ ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರೋದು ಸುಮಾರು 77.6ರಲ್ಲಿ, ಡಿಗ್ರಿಗೆ 4 ನಿಮಿಷ ಅಂದ್ರೆ ಹೆಚ್ಚೂಕಮ್ಮಿ 20 ನಿಮಿಷ ಹಿಂದೆ. ಅದರ ಮೇಲೆ ತಿಂಗಳಿಗೆ ತಕ್ಕ ಹಾಗೆ ಇನ್ನೊಂದಷ್ಟು ನಿಮಿಷ ಆ ಕಡೆ ಈ ಕಡೆ ಆಗುತ್ತೆ.

ಕೋಲಾರ, ಕಾರವಾರದ ಮಧ್ಯೆ ರೇಖಾಂಶ 4 ಡಿಗ್ರಿ ವ್ಯತ್ಯಾಸ ಇದೆ, ಅಂದ್ರೆ ಒಂದೇ ದಿನ ಕಾರವಾರದಲ್ಲಿ ಮಧ್ಯಾಹ್ನ 16 ನಿಮಿಷ ತಡ. ಬೇರೆ ಬೇರೆ ಊರಲ್ಲಿ ಚಿಕ್ಕಪ್ಪ, ಅತ್ತೆ ಮನೆ ಮಕ್ಕಳಿದ್ರೆ ಒಂದೇ ದಿನ ಎರಡೂ ಕಡೆ ಗುರುತು ಹಾಕಿ ಸಂಜೆ ಫೋನಲ್ಲಿ ಹೋಲಿಸಿ ನೋಡೋಕೆ ಹೇಳಿ. ಫೋನು ಹಿಡ್ಕೊಂಡು ಕೂತಿದ್ರೂ ಅವತ್ತು ಯಾರೂ ಬೈಯಲ್ಲ.

ಇದರ ಹಬ್ಬ ಅಂದ್ರೆ ಶೂನ್ಯ ನೆರಳಿನ ದಿನ, ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ನೆಟ್ಟಗಿರೋದರ ನೆರಳು ಕಾಣದ ದಿನ. ಬೆಂಗಳೂರು, ಮಂಗಳೂರು ಅಕ್ಷಾಂಶದಲ್ಲಿ ಏಪ್ರಿಲ್ 24–25 ಮತ್ತು ಆಗಸ್ಟ್ 18ರ ಆಸುಪಾಸು, ಹುಬ್ಬಳ್ಳಿ ಕಡೆ ಮೇ ಮೊದಲ ವಾರ, ಕಲಬುರಗೀಲಿ ಮೇ 10ರ ಸುಮಾರು. ಬೆಂಗಳೂರಲ್ಲಿ ಏಪ್ರಿಲ್ ದಿನ 12 ಗಂಟೆ 17 ನಿಮಿಷದ ಹೊತ್ತಿಗೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಅಥವಾ ನೇರ ಬಾಟ್ಲಿ ಇಡಿ, ನೆರಳು ಅದರ ಕೆಳಗೇ ಮಾಯ ಆಗುತ್ತೆ. ಲೋಟ ಕಂಠದ ಕಡೆ ಅಗಲ ಇರುತ್ತಲ್ಲ, ಅದಕ್ಕೇ ಬೋರಲು, ಮಕ್ಕಳು ನೇರ ಇಟ್ಟು "ನೆರಳು ಇದೆಯಲ್ಲ" ಅಂದ್ರೆ ಯಾಕೆ ಅಂತ ಅವರೇ ಯೋಚಿಸಲಿ. ಏಪ್ರಿಲ್‌ನದು ರಜೇಲಿ ಬರೋದ್ರಿಂದ ಶಾಲೆಯೋರಿಗೆ ತಪ್ಪಿಹೋಗುತ್ತೆ, ಆಗಸ್ಟಲ್ಲಿ ಮೋಡ ಕಾಟ, ಹಾಗಾಗಿ ಇದು ಮನೆಯೋರ ಪಾಲಿನ ಕೆಲಸ. ದೆಹಲೀಲಿರೋ ಮಕ್ಕಳಿಗೆ ಈ ಭಾಗ್ಯ ಇಲ್ಲ, ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿದ ಊರಲ್ಲಿ ಸೂರ್ಯ ಯಾವತ್ತೂ ನೆತ್ತಿ ಮೇಲೆ ಬರಲ್ಲ.

ತಕ್ಕಡಿ, ಸಂತೆ

ಎರಡು ತೆಂಗಿನ ಚಿಪ್ಪು, ಒಂದು ಕೋಲು, ಹುರಿ ಇದ್ರೆ ತಕ್ಕಡಿ ಆಯ್ತು. ತೂಕದ ಕಲ್ಲು ಎಲ್ಲಿಂದ ತರೋದು ಅನ್ನೋದೇ ಪಾಠ. 250 ಗ್ರಾಂ ಟೀಪುಡಿ ಪ್ಯಾಕೆಟ್ ಒಂದು ಕಡೆ, ಇನ್ನೊಂದು ಕಡೆ ಮರಳು ಸಮ ಆಗೋವರೆಗೂ. ಪ್ಯಾಕೆಟ್ ತೆಗೆದು ಆ ಮರಳನ್ನೇ ಎರಡೂ ಚಿಪ್ಪಿಗೆ ಸಮ ಹಂಚಿದ್ರೆ 125, ಮತ್ತೆ ಹಂಚಿದ್ರೆ 62.5, ಅರ್ಧ, ಕಾಲು ಎಲ್ಲಾ ಕೈಗೆ ಸಿಗುತ್ತೆ. ಬಟ್ಟೆ ಗಂಟು ಕಟ್ಟಿ ಮೇಲೆ ಬರೆದಿಟ್ಟುಕೊಳ್ಳಿ.

ಶಾಲೇಲಿ ಮಕ್ಕಳ ಸಂತೆ ಮಾಡೋರು ಈ ತಕ್ಕಡೀನೇ ಬಳಸಿ. ಈಗಿನ ಮಕ್ಕಳ ಸಂತೆ ಬಗ್ಗೆ ನನಗೊಂದು ತಕರಾರಿದೆ, ಅಪ್ಪ ಅಮ್ಮ ಸೊಪ್ಪು ತಂದುಕೊಟ್ಟು ಮಗೂಗೆ ಪೇಟ ಕಟ್ಟಿ ಫೋಟೋ ತೆಗೆದು ಹಿಂದೆ ನಿಂತು ತಾವೇ ಚಿಲ್ಲರೆ ಎಣಿಸ್ತಾರೆ. ಮಗು ಹಿಂದಿನ ದಿನ ನಿಮ್ಮ ಹತ್ರ ಸಾಲ ತಗೊಂಡು ಬರೆದಿಡಲಿ. ಚುರುಮುರಿ ಮಾರೋದಾದ್ರೆ ಮಂಡಕ್ಕಿಗೆ ಎಷ್ಟು, ಈರುಳ್ಳಿಗೆ ಎಷ್ಟು, ಪೇಪರ್ ಪೊಟ್ಟಣಕ್ಕೆ ಎಷ್ಟು, ಒಂದು ಪೊಟ್ಟಣಕ್ಕೆ ಅಸಲು ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ ಬೆಲೆ ತಾನೇ ಹೇಳಲಿ. ಸಂಜೆ ಸಾಲ ತೀರಿಸಿ ಮಿಕ್ಕಿದ್ದು ಅದರದ್ದು. ಸೊಪ್ಪು ಮಿಕ್ಕು ಬಾಡಿದ್ರೆ ಆ ನಷ್ಟಾನೂ ಅದರದ್ದೇ, ನೀವು ಕರಗಿ ಎಲ್ಲಾ ಕೊಂಡ್ಕೊಳ್ಳಬೇಡಿ.

ಶಾಲೆಯೋರಿಗೆ ಎರಡು ಮಾತು

ಚಟುವಟಿಕೆ ಮಾಡಿಸಿದ್ರೆ ಸಿಲಬಸ್ ಮುಗಿಯಲ್ಲ ಅನ್ನೋ ಮಾತು ಸ್ಟಾಫ್ ರೂಮಲ್ಲಿ ದಿನಾ ಕೇಳ್ತೀವಿ. ಆದ್ರೆ ಚಟುವಟಿಕೆಯಿಂದಲೇ ಕಲಿಸೋ ನಲಿಕಲಿ ಪದ್ಧತಿ ಹುಟ್ಟಿದ್ದೇ ನಮ್ಮ ಮೈಸೂರು ಜಿಲ್ಲೆ ಎಚ್.ಡಿ.ಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ, 1995ರ ಹೊತ್ತಿಗೆ, ಅದೂ ದುಡ್ಡಿದ್ದ ಶಾಲೆಗಳಲ್ಲ. ಈಗ ಸಂಭ್ರಮ ಶನಿವಾರ ಅಂತ ಬ್ಯಾಗ್ ಇಲ್ಲದ ದಿನ ಬೇರೆ ಇದೆ, ಅವತ್ತು ಅರಿಶಿನದ ಕಾಗದ ಹಿಡಿಸುತ್ತೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಐದಾದ್ರೆ ಒಬ್ಬ ಸುಮ್ಮನೆ ನೋಡ್ತಾ ಕೂತ್ಬಿಡ್ತಾನೆ. ಕ್ಲಾಸಲ್ಲಿ ಮಾತಾಡೋ ಹುಡುಗನ್ನ ಬರೆಯೋಕೆ ಹಾಕಿ, ಮಾತಾಡದ ಹುಡುಗಿ ಕೈಗೆ ಸಾಮಾನು ಕೊಡಿ.

ಇನ್ನೂ ಬೇಕು ಅನ್ನೋರು ಅರವಿಂದ ಗುಪ್ತ ಅವರ ಆಟಿಕೆಗಳನ್ನ ಇಂಟರ್ನೆಟ್ಟಲ್ಲಿ ಹುಡುಕಿ, ಕಸದಿಂದ ಆಟಿಕೆ ಮಾಡೋದನ್ನೇ ಜೀವನದ ಕೆಲಸ ಮಾಡ್ಕೊಂಡೋರು, 2018ರಲ್ಲಿ ಪದ್ಮಶ್ರೀ ಬಂತು, ಎಲ್ಲಾ ಪುಕ್ಕಟೆ ಸಿಗುತ್ತೆ. ಅವರದ್ದೇ ದಾರೀಲಿ ನಮ್ಮ ಮಕ್ಕಳು ಮಾಡೋದು ಒಂದಿದೆ, ಸೈಕಲ್ ಶಾಪಲ್ಲಿ ವಾಲ್ವ್ ಟ್ಯೂಬ್ ಅಂತ ಕೇಳಿ ತಂದು ಸಣ್ಣಗೆ ಕತ್ತರಿಸಿ ಬೆಂಕಿಕಡ್ಡಿಗಳನ್ನ ಅದಕ್ಕೆ ತೂರಿಸಿ ಆಕಾರ ಕಟ್ಟೋದು. ಕಡ್ಡಿ ತಲೆಯ ಮದ್ದು ಮೊದಲೇ ಕೆರೆದು ತೆಗೆದಿರಿ. ಚೌಕ ಕಟ್ಟಿ ಒತ್ತಿದ್ರೆ ವಾಲುತ್ತೆ, ತ್ರಿಕೋನ ಅಲ್ಲಾಡಲ್ಲ. ಚೌಕ ವಾಲದ ಹಾಗೆ ಮಾಡೋಕೆ ಇನ್ನೊಂದು ಕಡ್ಡಿ ಎಲ್ಲಿ ಹಾಕ್ತೀಯ ಅಂತ ಕೇಳಿ, ಅಡ್ಡಕ್ಕೆ ಒಂದು ಉದ್ದದ ಪೊರಕೆ ಕಡ್ಡಿ ಹುಡುಕ್ಕೊಂಡು ಬರ್ತಾರೆ. ಆಮೇಲೆ ಶಾಲೆ ಹತ್ರ ಇರೋ ಕರೆಂಟ್ ಟವರೋ, ಹಂಚಿನ ಮನೆ ಸೂರೋ ತೋರಿಸಿ ತ್ರಿಕೋನ ಎಣಿಸೋಕೆ ಬಿಡಿ.