ಕುಳಿತ ಪ್ರೊಸೆಸರ್ ಏಳಲಿಲ್ಲ

ಗದಗಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಶಾಲೆಗಳ ಪ್ರಶ್ನೆಪತ್ರಿಕೆ, ಫ್ಲೆಕ್ಸ್ ಬ್ಯಾನರ್ ಇವೇ ನನ್ನ ಅನ್ನ. ಲಗ್ನಸರಾಯಿ ಬಂತೆಂದರೆ ಕಂಪ್ಯೂಟರಿನ ಬಂಡವಾಳ ಬಯಲಾಗುತ್ತಿತ್ತು. ಒಂದು ಕಡೆ ಹತ್ತು ಅಡಿ ಬ್ಯಾನರಿನ ಫೈಲ್ ಉಳಿಯುತ್ತಿದ್ದರೆ (ಸೇವ್ ಆಗುತ್ತಿದ್ದರೆ), ಇನ್ನೊಂದು ಕಡೆ ನುಡಿ ತಂತ್ರಾಂಶದಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಲು ಅರ್ಧ ನಿಮಿಷ. ಎದುರಿಗೆ ಮದುಮಗಳ ತಂದೆ ಕುರ್ಚಿಯ ತುದಿಯಲ್ಲಿ ಕುಳಿತು ಗಡಿಯಾರ ನೋಡುತ್ತಿರುತ್ತಿದ್ದರು.

ಯಂತ್ರವನ್ನು 2016ರಲ್ಲಿ ಜೋಡಿಸಿದ್ದು. ಎಚ್110 ಚಿಪ್‌ಸೆಟ್ಟಿನ (ಭಾಗಗಳನ್ನು ಒಂದಕ್ಕೊಂದು ಬೆಸೆಯುವ ಚಿಪ್) ಮದರ್‌ಬೋರ್ಡು, ಎರಡು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಇಂಟೆಲ್ ಐ3-6100 ಪ್ರೊಸೆಸರ್, 8 ಜಿಬಿ ಡಿಡಿಆರ್4 ರ‍್ಯಾಮ್. ಮೊದಲು ರ‍್ಯಾಮನ್ನು 16 ಜಿಬಿ ಮಾಡಿದೆ, ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದೆ. ಆದರೂ ಕೆಲಸದ ನಡುವೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ರ‍್ಯಾಮ್ ಅರ್ಧ ಖಾಲಿ, ಪ್ರೊಸೆಸರ್ ಮಾತ್ರ ಶೇಕಡಾ 100. ಅಂದರೆ ಹಣ ಹಾಕಬೇಕಾದ ಜಾಗ ಯಾವುದು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಇಷ್ಟರ ಮಟ್ಟಿಗೆ ನಾನು ಜಾಣನೇ. ದಡ್ಡತನ ಶುರುವಾದದ್ದು ಇದರ ನಂತರ.

2022ರ ಬೇಸಿಗೆಯಲ್ಲಿ ಒಂದು ದಿನ ಅಂಗಡಿಗೆ ಬೀಗ ಹಾಕಿ, ಬೆಳಗಿನ ರೈಲಿಗೆ ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಹೋದೆ. ಕೊಪ್ಪೀಕರ ರಸ್ತೆಯ ಆಸುಪಾಸಿನಲ್ಲಿ ಹಳೆಯ ಬಿಡಿಭಾಗ ಮಾರುವ ಅಂಗಡಿಯೊಂದರ ಮೆಟ್ಟಿಲು ಹತ್ತಿದೆ. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: “ಸಾಕೆಟ್ ಯಾವುದು ಸರ್?” ಸಾಕೆಟ್ ಎಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಗೂಡು. ನಾನು ಓದಿಕೊಂಡು ಹೋಗಿದ್ದೆ, “ಎಲ್‌ಜಿಎ 1151” ಎಂದೆ. “ಹಾಗಾದರೆ ಚಿಂತೆ ಬಿಡಿ, ಇದು ಕೂರುತ್ತದೆ” ಎಂದು ಐ5-8400 ತೆಗೆದು ಗಾಜಿನ ಮೇಲಿಟ್ಟರು. ಆರು ಕೋರ್! ಎರಡರಿಂದ ಆರಕ್ಕೆ ಜಿಗಿಯುವ ಆಸೆಯಲ್ಲಿ 7,500 ರೂಪಾಯಿ ಎಣಿಸಿಕೊಟ್ಟೆ. ಅವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಕೇಳಬೇಕಾದ ಎರಡನೆಯ ಪ್ರಶ್ನೆಯನ್ನು ಅವರು ಕೇಳಲಿಲ್ಲ, ನನಗೆ ಗೊತ್ತಿರಲಿಲ್ಲ.

ಅವರು ಹೇಳಿದಂತೆ ಅದು ಕುಳಿತಿತು ಕೂಡ. ರಾತ್ರಿ ಊಟ ಮುಗಿಸಿ, ಫ್ಯಾನು ಬಿಚ್ಚಿ, ಸಾಕೆಟ್ಟಿನ ಸರಳು ಎತ್ತಿ ಹಳೆಯದನ್ನು ತೆಗೆದು ಹೊಸದನ್ನು ಇಟ್ಟೆ. ಅಂಚಿನ ಎರಡು ಕಚ್ಚುಗಳು ಸಾಕೆಟ್ಟಿನ ಎರಡು ಮೂತಿಗಳಿಗೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದಿದವು. ಸರಳು ಇಳಿಸಿದೆ, ಬಿಸಿ ಸಾಗಿಸುವ ಪೇಸ್ಟ್ ಹಚ್ಚಿದೆ, ಫ್ಯಾನು ಕೂರಿಸಿದೆ, ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಕೀಬೋರ್ಡಿನ ದೀಪ ಹತ್ತಲಿಲ್ಲ. ಮಾನಿಟರ್ ಮಾತ್ರ “ನೋ ಸಿಗ್ನಲ್” ಎಂದು ತೋರಿಸಿ ಕಣ್ಣು ಮುಚ್ಚಿತು. ನಮ್ಮ ಕಡೆ ಎಲ್ಲರೂ ಮಾಡುವಂತೆ ರ‍್ಯಾಮ್ ಕಿತ್ತು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಹಾಕಿದೆ. ಬೋರ್ಡಿನ ಬಿಲ್ಲೆ ಸೆಲ್ ತೆಗೆದು ಹತ್ತು ನಿಮಿಷ ಕಾದೆ. ಎರಡು ತಾಸು ಹೀಗೆಯೇ ಕಳೆಯಿತು. ಕೊನೆಗೆ ಹಳೆಯ ಐ3 ಹಾಕಿದರೆ ಏನೂ ಆಗಿಲ್ಲವೆಂಬಂತೆ ವಿಂಡೋಸ್ ತೆರೆದುಕೊಂಡಿತು.

ಮರುದಿನ ಅಂಗಡಿಯ ಕೆಲಸ ಬದಿಗಿಟ್ಟು ಓದಿದಾಗ ವಿಷಯ ಬಯಲಾಯಿತು. 1151 ಎಂಬ ಹೆಸರಿನ ಸಾಕೆಟ್ಟಿನಲ್ಲಿ ಎರಡು ಸಂಸಾರಗಳಿವೆ. ನನ್ನ ಐ3-6100 ಸೇರಿದ ಇಂಟೆಲಿನ 6 ಮತ್ತು 7ನೆಯ ತಲೆಮಾರಿನ ಪ್ರೊಸೆಸರ್‌ಗಳಿಗೆ 100 ಮತ್ತು 200ರ ಸರಣಿಯ ಚಿಪ್‌ಸೆಟ್ ಬೇಕು: ಎಚ್110, ಬಿ150, ಬಿ250, ಝಡ್270 ಮುಂತಾದವು. ಐ5-8400 ಸೇರಿದ 8 ಮತ್ತು 9ನೆಯ ತಲೆಮಾರಿಗೆ 300ರ ಸರಣಿ: ಎಚ್310, ಬಿ360, ಝಡ್390 ಇಂಥವು. ಕಾಲುಗಳ ಸಂಖ್ಯೆ ಅದೇ 1151, ಅಳತೆ ಅದೇ, ಕಚ್ಚು ಅದೇ. ಆದರೆ ಆರು ಕೋರ್‌ಗಳಿಗೆ ವಿದ್ಯುತ್ ಸಾಕಾಗಲೆಂದು ಕೆಲವು ಕಾಲುಗಳ ಕೆಲಸವನ್ನೇ ಬದಲಿಸಿದ್ದಾರೆ. ಬಾಗಿಲಿಗೆ ಬೀಗದ ಕೈ ಹೋಗುತ್ತದೆ, ತಿರುಗುವುದಿಲ್ಲ. ಕಚ್ಚಿನ ಜಾಗವನ್ನಾದರೂ ಒಂದಿಷ್ಟು ಸರಿಸಿದ್ದರೆ ನನ್ನಂಥವರ ಹಣ ಉಳಿಯುತ್ತಿತ್ತಲ್ಲ ಎಂದು ನನಗೆ ಈಗಲೂ ಸಿಟ್ಟಿದೆ.

ಎರಡನೆಯ ಸಲ ಅಂಗಡಿಗೆ ಹೋಗುವ ಮುನ್ನ ನಾನು ಮಾಡಿದ್ದು ನನ್ನ ಬೋರ್ಡಿನ ಪೂರ್ತಿ ಹೆಸರನ್ನು ಪತ್ತೆ ಮಾಡುವ ಕೆಲಸ. ನಮ್ಮಲ್ಲಿ ಇಡೀ ಕ್ಯಾಬಿನೆಟ್ಟಿಗೇ ಸಿಪಿಯು ಎನ್ನುತ್ತಾರೆ. “ಸಿಪಿಯು ಬದಲಿಸಬೇಕು” ಎಂದರೆ ಡಬ್ಬಿಯನ್ನೇ ಹೊತ್ತು ತರುತ್ತಾರೆ. ಹೀಗಿರುವಾಗ ಬೋರ್ಡಿನ ಹೆಸರು ಯಾರಿಗೆ ನೆನಪಿರುತ್ತದೆ? ಬಿಲ್ಲಿನಲ್ಲಿ “ಎಚ್110 ಮದರ್‌ಬೋರ್ಡ್, ಒಂದು” ಎಂದಷ್ಟೇ ಇತ್ತು. ಅದು ಸಾಲದು, ಅದೇ ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4 ಹಾಕುವವೂ ಇವೆ, ಡಿಡಿಆರ್3 ಹಾಕುವವೂ ಇವೆ. ವಿಂಡೋಸಿನ ಸಿಸ್ಟಂ ಇನ್ಫರ್ಮೇಷನ್ ತೆರೆದರೆ ಬೋರ್ಡಿನ ಹೆಸರೂ ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿ ಮತ್ತು ಅದರ ತಾರೀಕೂ ಸಿಗುತ್ತವೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವೂ ಇದನ್ನೇ ತೋರಿಸುತ್ತದೆ. ಆದರೂ ನಾನು ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, ಬಣ್ಣದ ಕುಂಚದಿಂದ ಧೂಳು ಸರಿಸಿ ಓದಿದೆ. ಕಾರ್ಡಿನ ಸ್ಲಾಟ್ ಪಕ್ಕದಲ್ಲಿ ಬಿಳಿ ಅಕ್ಷರದಲ್ಲಿ ಮಾದರಿಯ ಹೆಸರು, ಒಂದು ಮೂಲೆಯಲ್ಲಿ ಕಂಡೂ ಕಾಣದಂತೆ ರಿವಿಷನ್ (ಪರಿಷ್ಕರಣೆ) ಸಂಖ್ಯೆ. ಈ ರಿವಿಷನ್ ಮುಖ್ಯ. ಒಂದೇ ಹೆಸರಿನ ಬೋರ್ಡಿನ ಎರಡು ರಿವಿಷನ್‌ಗಳಿಗೆ ಬೇರೆ ಬೇರೆ ಬಯಾಸ್ ಇರುವುದುಂಟು. ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡೆ.

ಆಮೇಲೆ ಬೋರ್ಡು ತಯಾರಿಸಿದ ಕಂಪನಿಯ ತಾಣದಲ್ಲಿ ಆ ಮಾದರಿಯ ಪುಟಕ್ಕೆ ಹೋದರೆ ಹೊಂದುವ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಯಾರ ಬಾಯಿಮಾತಿಗಿಂತಲೂ ನಾನು ಈ ಪಟ್ಟಿಯನ್ನು ನಂಬುತ್ತೇನೆ. ಪ್ರೊಸೆಸರಿನ ಹೆಸರು, ವ್ಯಾಟ್, ಕೊನೆಯ ಅಂಕಣದಲ್ಲಿ ಯಾವ ಬಯಾಸ್ ಆವೃತ್ತಿಯಿಂದ ಅದು ನಡೆಯುತ್ತದೆ ಎಂಬ ವಿವರ. ಹೆಚ್ಚಿನವರು ಹೆಸರು ಕಂಡೊಡನೆ ಖುಷಿಪಟ್ಟು ಪುಟ ಮುಚ್ಚುತ್ತಾರೆ, ಆ ಕೊನೆಯ ಅಂಕಣ ಓದುವುದೇ ಇಲ್ಲ. ನನ್ನ ಪಟ್ಟಿಯಲ್ಲಿ 6ನೆಯ ತಲೆಮಾರಿನ ಐ5, ಐ7ಗಳು ಮೊದಲ ಆವೃತ್ತಿಯಿಂದಲೇ ಇದ್ದವು. 7ನೆಯ ತಲೆಮಾರಿನ ಸಾಲುಗಳ ಮುಂದೆ ಮಾತ್ರ ಬಹಳ ನಂತರದ ಆವೃತ್ತಿಯ ಸಂಖ್ಯೆ. ಆ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದದ್ದು 2017ರ ಜನವರಿಯಲ್ಲಿ, ನನ್ನ ಬಯಾಸಿನ ತಾರೀಕು 2016ರ ಮಾರ್ಚ್. ಹುಟ್ಟದ ಮಗುವಿನ ಹೆಸರು ಅದಕ್ಕೆ ಹೇಗೆ ಗೊತ್ತಿರಬೇಕು? 8400 ಎಂಬ ಅಂಕಿಯಂತೂ ಪಟ್ಟಿಯ ತುದಿಯವರೆಗೆ ಎಲ್ಲೂ ಇರಲಿಲ್ಲ.

ಮತ್ತೆ ಹುಬ್ಬಳ್ಳಿ. ಅಂಗಡಿಯವರು ಸ್ವಲ್ಪ ಗೊಣಗಿದರೂ 500 ರೂಪಾಯಿ ಹಿಡಿದುಕೊಂಡು ಅದನ್ನು ವಾಪಸು ಪಡೆದರು. 6ನೆಯ ತಲೆಮಾರಿನ ಐ7-6700 ಸಿಕ್ಕಿದ್ದರೆ ಬಯಾಸಿನ ಗೋಜಿಲ್ಲದೆ ಕೆಲಸ ಮುಗಿಯುತ್ತಿತ್ತು, ಆದರೆ ಆ ದಿನ ಅವರಲ್ಲಿ ಇದ್ದದ್ದು ಐ5-7500. ನಾಲ್ಕು ಕೋರ್, 65 ವ್ಯಾಟ್, 5,000 ರೂಪಾಯಿ. ಈ ಸಲ ನಾನೂ ಮೈಯೆಲ್ಲ ಕಣ್ಣಾಗಿದ್ದೆ. ಮೇಲಿನ ಲೋಹದ ಮುಚ್ಚಳದಲ್ಲಿ ಹೆಸರು ಸ್ಪಷ್ಟವಾಗಿದೆಯೇ ಎಂದು ಓದಿದೆ. ಹೆಸರಿನ ಜಾಗದಲ್ಲಿ “ಇಂಟೆಲ್ ಕಾನ್ಫಿಡೆನ್ಷಿಯಲ್” ಎಂದಿದ್ದರೆ ಅದು ಪರೀಕ್ಷೆಗೆಂದು ತಯಾರಿಸಿದ ಮಾದರಿ, ಎಷ್ಟು ಅಗ್ಗವಾದರೂ ಮುಟ್ಟಬಾರದು. ವ್ಯಾಟ್ ಕೂಡ ನೋಡಿಕೊಂಡೆ. ನನ್ನಂಥ ಅಗ್ಗದ ಬೋರ್ಡಿಗೆ 65 ವ್ಯಾಟ್ ಸರಿ. 91 ವ್ಯಾಟಿನ ಐ7-7700ಕೆ ಪಟ್ಟಿಯಲ್ಲಿ ಇತ್ತಾದರೂ ಅದನ್ನು ದಿನವಿಡೀ ಈ ಬೋರ್ಡಿನ ಮೇಲೆ ದುಡಿಸಲು ನನಗೆ ಧೈರ್ಯವಿಲ್ಲ.

ಬಯಾಸ್ ಬದಲಾವಣೆಯನ್ನು ಹಳೆಯ ಪ್ರೊಸೆಸರ್ ಜಾಗದಲ್ಲಿ ಇದ್ದಾಗಲೇ ಮಾಡಬೇಕು. ಹೊಸದನ್ನು ಹಾಕಿದ ಮೇಲೆ ಪರದೆಯೇ ಬರದಿದ್ದರೆ ಬದಲಿಸುವುದು ಎಲ್ಲಿಂದ? ಫೈಲನ್ನು ಕಂಪನಿಯ ತಾಣದಿಂದ ಇಳಿಸಿ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿಗೆ ಹಾಕಿದೆ. ಯುಪಿಎಸ್ಸಿನ ಬ್ಯಾಟರಿ ತುಂಬಿದೆಯೇ ಎಂದು ಪ್ಲಗ್ ಕಿತ್ತು ಪರೀಕ್ಷಿಸಿದೆ, ನಡುವೆ ಕರೆಂಟು ಹೋದರೆ ಬೋರ್ಡೇ ನಿರ್ಜೀವವಾಗಬಹುದು. ಬಯಾಸಿನ ಒಳಗಿನ ಸವಲತ್ತಿನಿಂದಲೇ ಫೈಲ್ ಆರಿಸಿ ಒತ್ತಿದೆ. ಮೂರು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಹೊತ್ತು ನಾನು ಕುರ್ಚಿಯಿಂದ ಅಲುಗಲಿಲ್ಲ, ಮಗನಿಗೆ ಟೇಬಲ್ಲಿನ ಹತ್ತಿರ ಬರಬೇಡ ಎಂದು ಗದರಿದ್ದೂ ಉಂಟು.

ಯಂತ್ರ ಮತ್ತೆ ಶುರುವಾದಾಗ ಎದೆ ಧಸಕ್ಕೆಂದಿತು. ಬೂಟ್ ಮಾಡಲು ಏನೂ ಸಿಗುತ್ತಿಲ್ಲ ಎಂಬ ಸಂದೇಶ. ಎಸ್‌ಎಸ್‌ಡಿ ಹೋಯಿತೇ, ನಾಲ್ಕು ವರ್ಷದ ಪತ್ರಿಕೆಗಳ ಫೈಲುಗಳೆಲ್ಲ ಹೋದವೇ ಎಂದು ಬೆವತೆ. ಹಾಗೇನೂ ಆಗಿರಲಿಲ್ಲ. ಬಯಾಸ್ ಬದಲಾದಾಗ ಸಾಮಾನ್ಯವಾಗಿ ಎಲ್ಲ ಆಯ್ಕೆಗಳೂ ಮೂಲ ಸ್ಥಿತಿಗೆ ಹೋಗುತ್ತವೆ. ನನ್ನ ವಿಂಡೋಸ್ ಹಳೆಯ ಲೆಗಸಿ ಕ್ರಮದಲ್ಲಿ ಹಾಕಿದ್ದು, ಹೊಸ ಬಯಾಸ್ ಯುಇಎಫ್‌ಐ ಕ್ರಮವನ್ನು ಮಾತ್ರ ತೆರೆದಿಟ್ಟುಕೊಂಡಿತ್ತು. ಒಳಹೊಕ್ಕು, ಹಳೆಯ ಕ್ರಮಕ್ಕೂ ಅವಕಾಶ ಕೊಡುವ ಸಿಎಸ್‌ಎಂ ಎಂಬ ಆಯ್ಕೆಯನ್ನು ಚಾಲೂ ಮಾಡಿದ ಕೂಡಲೇ ಸರಿಹೋಯಿತು. ಅಂದಿನಿಂದ ಬಯಾಸ್ ಮುಟ್ಟುವ ಮೊದಲು ಅದರ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಸೆರೆಹಿಡಿಯುತ್ತೇನೆ.

ಐ5-7500 ಮೊದಲ ಸಲಕ್ಕೇ ಎದ್ದಿತು. ಬ್ಯಾನರ್ ಫೈಲ್ ಉಳಿಯುವ ಸಮಯ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆ ಕೆಲಸಕ್ಕೆ ಒಂದು ಕೋರಿನ ವೇಗವೇ ಮುಖ್ಯ, ಅದರಲ್ಲಿ ಹಳೆಯದಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಆದರೆ ಒಂದು ಫೈಲ್ ಉಳಿಯುತ್ತಿರುವಾಗ ಇನ್ನೊಂದರಲ್ಲಿ ಅಕ್ಷರ ಜೋಡಿಸಬಹುದು, ವಿನ್ಯಾಸದ ತಂತ್ರಾಂಶ ಕೋರೆಲ್ ತೆರೆದು ಗಿರಾಕಿಗೆ ಹಳೆಯ ಮಾದರಿ ತೋರಿಸಬಹುದು. ನನಗೆ ಬೇಕಾಗಿದ್ದದ್ದು ಅದೇ.

ಈ ಸುದ್ದಿ ಹೇಗೋ ಬ್ಯಾಡಗಿಗೆ ಮುಟ್ಟಿತು. ನನ್ನಲ್ಲಿ ಬಿಲ್ ಪುಸ್ತಕ ಮಾಡಿಸುವ ಮೆಣಸಿನಕಾಯಿ ದಲಾಲಿ ಅಂಗಡಿಯ ಸಾಹುಕಾರರು ಫೋನ್ ಮಾಡಿ, “ತಮ್ಮಾ, ನಮ್ಮದನ್ನೂ ಒಮ್ಮೆ ನೋಡು” ಎಂದರು. ಅವರದು ಇಂಟೆಲ್ ಅಲ್ಲ, ಎಎಂಡಿ ಕಂಪನಿಯದು: ಬಿ450 ಬೋರ್ಡು, ರೈಜನ್ 3 2200ಜಿ. ಧಾರವಾಡದಲ್ಲಿ ಓದುವ ಅವರ ಮಗ ರೈಜನ್ 5 5600 ತರಿಸಲು ಸಿದ್ಧನಾಗಿದ್ದ. ಎಎಂ4 ಸಾಕೆಟ್ ಸರಿ, ಪಟ್ಟಿಯಲ್ಲೂ ಇದೆ, ಬಯಾಸ್ ಬದಲಿಸಿದರೆ ನಡೆಯುತ್ತದೆ. ಆದರೆ ನಾನು ಕೇಳಿದೆ: “ಸಾಹುಕಾರರೇ, ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆಯೇ?” ಇರಲಿಲ್ಲ. 2200ಜಿಯ ಒಳಗೇ ಚಿತ್ರ ತೋರಿಸುವ ಭಾಗವಿತ್ತು, 5600ರಲ್ಲಿ ಅದಿಲ್ಲ. ಎಲ್ಲವೂ ಹೊಂದಿಯೂ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಇಂಟೆಲಿನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳದೂ ಇದೇ ಕಥೆ. 5600ಜಿ ತರಿಸಿದರು.

ಬಿಚ್ಚಿದಾಗ ಕ್ಯಾಬಿನೆಟ್ಟಿನಿಂದ ಕೆಂಪು ಧೂಳು ಎದ್ದಿತು, ನಾನೂ ಆ ಹುಡುಗನೂ ಕಾಲು ಗಂಟೆ ಸೀನಿದೆವು. ಬ್ಯಾಡಗಿಯ ಬಣ್ಣ ಖಾರಕ್ಕಿಂತ ಹೆಚ್ಚು ಎನ್ನುತ್ತಾರೆ, ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡು) ಎಲೆಗಳ ನಡುವೆ ಸೇರಿದ್ದರಲ್ಲಿ ಖಾರವೂ ಸಾಕಷ್ಟಿತ್ತು. ಎಎಂ4ರಲ್ಲಿ ಸೂಜಿಯಂಥ ಕಾಲುಗಳು ಪ್ರೊಸೆಸರಿಗೇ ಇರುತ್ತವೆ, ಇಂಟೆಲಿನಂತೆ ಬೋರ್ಡಿನಲ್ಲಲ್ಲ. ಪೇಸ್ಟ್ ಒಣಗಿ ಅಂಟಾಗಿದ್ದರೆ ಹೀಟ್‌ಸಿಂಕ್ ಎತ್ತುವಾಗ, ಸರಳು ಹಾಕಿದ್ದರೂ, ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಕಿತ್ತು ಬರುವುದುಂಟು. ಅದಕ್ಕೆ ಯಂತ್ರವನ್ನು ಹತ್ತು ನಿಮಿಷ ದುಡಿಸಿ ಬೆಚ್ಚಗಾಗಿಸಿ, ಆರಿಸಿ, ಹೀಟ್‌ಸಿಂಕನ್ನು ಎತ್ತದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿದೆ. ಪಟ್ ಎಂದು ಬಿಟ್ಟಿತು.

ಈಚೆಗೆ ಕೇಳುವವರು ಹೆಚ್ಚಾಗಿದ್ದಾರೆ. 10ನೆಯ ತಲೆಮಾರಿನ ಎಚ್410 ಬೋರ್ಡಿಗೆ 11ನೆಯದು ಹಾಕಬಹುದೇ ಎನ್ನುತ್ತಾರೆ. ಸಾಕೆಟ್ 1200 ಎರಡಕ್ಕೂ ಒಂದೇ, ಆದರೆ ಎಚ್410 ಮತ್ತು ಬಿ460 ಚಿಪ್‌ಸೆಟ್‌ಗಳಿಗೆ 11ನೆಯದರ ಬೆಂಬಲವನ್ನು ಇಂಟೆಲ್ ಕೊಟ್ಟಿಲ್ಲ. ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರ್‌ಗಳಾದರೆ ಅವುಗಳ ಬಯಾಸ್ ಇನ್ನೂ ಬಿಗಿ, ಆ ಮಾದರಿಯಲ್ಲೇ ಮಾರಿದ್ದ ಪ್ರೊಸೆಸರ್‌ಗಳನ್ನು ಬಿಟ್ಟು ಬೇರೆಯದನ್ನು ನಾನು ಹಾಕುವುದಿಲ್ಲ. ಇನ್ನು ನನ್ನಂತೆ 6, 7ನೆಯ ತಲೆಮಾರಿಗೆ ಈಗ ಹಣ ಹಾಕುವವರಿಗೆ ಬೇಡವೆನ್ನುತ್ತೇನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲಿನಲ್ಲಿ, ಬೆರಳೆಣಿಕೆಯ ಅಪವಾದ ಬಿಟ್ಟರೆ, 8ನೆಯ ತಲೆಮಾರಿನಿಂದ ಮೇಲಿನದನ್ನಷ್ಟೇ ಒಪ್ಪುತ್ತದೆ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಬೋರ್ಡನ್ನೇ ಬದಲಿಸುವುದು ಲೇಸು.

ಹಳೆಯ ಐ3-6100 ಅನ್ನು ಮಾರಿಲ್ಲ. ಬಯಾಸ್ ಕೆಟ್ಟು ಮೊದಲಿನ ಆವೃತ್ತಿಗೆ ಮರಳಿದರೆ 7500 ಏಳುವುದಿಲ್ಲ, ಆಗ ಇದೇ ಬೇಕು. ಮಿಕ್ಕಿದ್ದ ಒಂದು ಲಗ್ನಪತ್ರಿಕೆಯ ಲಕೋಟೆಯಲ್ಲಿ ಸ್ಪಂಜಿನ ತುಂಡಿನ ನಡುವೆ ಇಟ್ಟು, ಹೊರಗೆ ಬೋರ್ಡಿನ ಹೆಸರು, ರಿವಿಷನ್, ಬಯಾಸ್ ಆವೃತ್ತಿ ಬರೆದಿದ್ದೇನೆ. ಮೇಜಿನ ಡ್ರಾಯರಿನಲ್ಲಿ ಬಿಲ್ ಪುಸ್ತಕದ ಕೆಳಗಿದೆ.