ತಿಂಗಳುಗಟ್ಟಲೆ ನಿಂತ ದೋಣಿಯ ಎಂಜಿನ್: ಹಗ್ಗ ಎಳೆಯುವ ಮುನ್ನ

2022ರ ಸೆಪ್ಟೆಂಬರಿನಲ್ಲಿ ನೆರೆಗೆ ಸಿಕ್ಕ ಬೆಂಗಳೂರಿನ ಬೆಳ್ಳಂದೂರು, ಯಮಲೂರುಗಳ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ಸಾಗಿಸಿದ್ದನ್ನು ಕಂಡ ಮೇಲೆ ನಮ್ಮ ಬಡಾವಣೆಯವರೂ ಒಂದು ರಬ್ಬರ್ ದೋಣಿಯನ್ನೂ ಅದರ ಹಿಂಬದಿಗೆ ಸಿಕ್ಕಿಸುವ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನನ್ನೂ ಕೊಂಡಿಟ್ಟರು. ಆಮೇಲೆ ಅದು ಜನರೇಟರ್ ಕೋಣೆಯ ಮೂಲೆ ಸೇರಿತು. ವರ್ಷ ಕಳೆದು ಡಿಸೆಂಬರಿನ ಒಂದು ಬೆಳಿಗ್ಗೆ ಅದನ್ನು ಹೊರಗೆ ತಂದು ನಾಲ್ವರು ಸರದಿಯಲ್ಲಿ ಹಗ್ಗ ಎಳೆದರೂ ಅದು ಒಮ್ಮೆಯೂ ಕೆಮ್ಮಲಿಲ್ಲ. ಎಂಜಿನ್ನಿಗೆ ಚಳಿ ಹಿಡಿದಿದೆ ಎಂದು ಎಲ್ಲರೂ ತೀರ್ಮಾನಿಸಿದರು.

ಚಳಿಯನ್ನು ದೂರುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಹೊಸ ಪೆಟ್ರೋಲಾದರೋ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ತಪ್ಪು ಹಳೆಯ ಪೆಟ್ರೋಲಿನದು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿ ನಿಂತ ಪೆಟ್ರೋಲಿನಿಂದ ಬೇಗ ಆವಿಯಾಗುವ ಹಗುರವಾದ ಅಂಶಗಳು ಮೊದಲು ಹಾರಿಹೋಗುತ್ತವೆ, ತಣ್ಣಗಿರುವ ಎಂಜಿನ್ನಿನಲ್ಲಿ ಮೊದಲ ಕಿಡಿಗೆ ಬೇಕಾಗುವುದು ಅವೇ; ಉಳಿದ ಭಾರದ ಅಂಶ ಕ್ರಮೇಣ ಅಂಟಾಗಿ, ಪೆಟ್ರೋಲನ್ನು ಅಳೆದು ಬಿಡುವ, ಕೂದಲೆಳೆಯಷ್ಟು ಸಣ್ಣ ರಂಧ್ರದ ಜೆಟ್ಟುಗಳನ್ನು ಮುಚ್ಚುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುವುದರಿಂದ ಮಳೆಗಾಲದ ತೇವವನ್ನೂ ಅದು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಇದು ಇನ್ನೂ ಅಪಾಯಕಾರಿ, ಏಕೆಂದರೆ ಬೆರೆಸಿದ ಆಯಿಲ್ ಬಹುಪಾಲು ಮೇಲಿನ ಪೆಟ್ರೋಲಿನಲ್ಲೇ ಉಳಿದು, ಕೊಳವೆ ಹೀರುವ ತಳದ ದ್ರವದಲ್ಲಿ ಆಯಿಲ್ ಬಹುತೇಕ ಇರುವುದೇ ಇಲ್ಲ.

ಆದ್ದರಿಂದ ಮೊದಲ ಕೆಲಸ ಹಗ್ಗಕ್ಕೆ ಸಂಬಂಧಿಸಿದ್ದಲ್ಲ. ಎಂಜಿನ್ನನ್ನು ತೆರೆದ ಅಂಗಳದಲ್ಲಿಯೇ ಇಡಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇದನ್ನು ಎಂದಿಗೂ ಮಾಡಕೂಡದು, ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ನೆಲದಲ್ಲಿ ಹರಡಿ ನಿಲ್ಲುತ್ತದೆ ಮತ್ತು ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಹೊರತೆಗೆದು, ಹೊಸ ಪೆಟ್ರೋಲಿಗೆ ತಯಾರಕರು ಹೇಳಿದ ಪ್ರಮಾಣದ ಆಯಿಲ್ ಬೆರೆಸಬೇಕು; 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್. ಹಳೆಯದಕ್ಕೆ ಹೊಸದನ್ನು ಸೇರಿಸಿ ಸರಿಮಾಡುವ ಜಾಣತನ ಬೇಡ. ಅನಂತರ ಕಾರ್ಬ್ಯುರೇಟರ್ ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ, ಬರುವುದನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಬೇಕು. ಬಣ್ಣ ಕಡುಕಂದಾಗಿದ್ದು ವಾರ್ನಿಷ್ ವಾಸನೆ ಬಂದರೆ ಅಥವಾ ತಳದಲ್ಲಿ ನೀರಿನ ಹನಿಗಳು ಉರುಳಾಡಿದರೆ ರೋಗ ಗೊತ್ತಾದಂತೆಯೇ.

ಸ್ಕ್ರೂ ಬಿಗಿದು, ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿಯನ್ನು ತೆರೆದು, ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಒತ್ತುತ್ತಾ ಹೋದರೆ ಬಟ್ಟಲು ತುಂಬುತ್ತಿದ್ದಂತೆ ಬಲ್ಬು ಗಟ್ಟಿಯಾಗಬೇಕು. ಗಟ್ಟಿಯಾಗದೆ ಕಾರ್ಬ್ಯುರೇಟರಿನಿಂದ ಪೆಟ್ರೋಲು ಉಕ್ಕಿದರೆ ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯಬೇಕಾದ ಫ್ಲೋಟಿನ ಸೂಜಿ ತೆರೆದೇ ಅಂಟಿಕೊಂಡಿದೆ. ಉಕ್ಕದೆಯೂ ಗಟ್ಟಿಯಾಗದಿದ್ದರೆ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಬಲ್ಬು ಚಪ್ಪಟೆಯಾಗಿಯೇ ಉಳಿದರೆ ಗಾಳಿಕಿಂಡಿ ಮುಚ್ಚಿದೆ ಅಥವಾ ಹೀರುವ ಕೊಳವೆ ಕಟ್ಟಿದೆ. ಅಂಟಿದ ಸೂಜಿ ಎಷ್ಟೋ ಸಲ ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲನ್ನು ಮೆಲ್ಲಗೆ ತಟ್ಟಿದರೇ ಬಿಡುತ್ತದೆ.

ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ, ಪ್ರತಿ ಸಿಲಿಂಡರಿಗೂ ಒಂದು ಚಿಕ್ಕ ಚಮಚ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು, ಎಂಜಿನ್ ತಡೆಯಿಲ್ಲದೆ ತಿರುಗುತ್ತದೆಯೇ ಎಂದು ಹಗ್ಗವನ್ನು ನಿಧಾನವಾಗಿ ಎಳೆದು ನೋಡಬೇಕು. ಪ್ಲಗ್ಗು ವಾಹನಗಳ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರಬ್ಬರ್ ಚಕ್ರ, ಬೇಕಾದರೆ ಕರಾವಳಿಯವರನ್ನು ಕೇಳುವುದು ಲೇಸು. ತಿಂಗಳುಗಟ್ಟಲೆ ಬಾಗಿಯೇ ಇದ್ದ ಅದರ ರಬ್ಬರ್ ಎಸಳುಗಳು ಹಾಗೆಯೇ ಸೆಡೆತುಹೋಗಿರುತ್ತವೆ. ನೀರಿಲ್ಲದೆ ಕೆಲವೇ ಕ್ಷಣ ಓಡಿಸಿದರೂ ಹರಿದುಹೋಗುತ್ತವೆ. ಹಾಗಾಗಿ ಎಂಜಿನ್ನಿನ ಕಾಲನ್ನು, ಅಂದರೆ ನೀರಿಗಿಳಿಯುವ ಕೆಳಭಾಗವನ್ನು, ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ, ನೀರು ಹೀರುವ ಕಿಂಡಿಗಳು ಚೆನ್ನಾಗಿ ಮುಳುಗುವಂತೆ ಇಳಿಸಿಯೇ ಮುಂದುವರಿಯಬೇಕು.

ಈಗ ಹಗ್ಗ. ಗೇರು ನ್ಯೂಟ್ರಲಿನಲ್ಲಿರಬೇಕು, ಎಂಜಿನ್ ನಿಲ್ಲಿಸುವ ಕೆಂಪು ದಾರದ ಕ್ಲಿಪ್ಪು ಸ್ಥಾನದಲ್ಲಿರಬೇಕು. ನಾನು ಕಂಡ ಕೆಟ್ಟ ಎಂಜಿನ್ನುಗಳಲ್ಲಿ ಎರಡರ ಕಾಯಿಲೆ ಈ ಕ್ಲಿಪ್ಪು ಕಳಚಿದ್ದು ಮಾತ್ರವಾಗಿತ್ತು. ಥ್ರಾಟಲನ್ನು ಸ್ಟಾರ್ಟ್ ಗುರುತಿಗೆ ತಂದು, ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕನ್ನು ಪೂರ್ತಿ ಎಳೆದು, ಹಗ್ಗ ಬಿಗಿಯಾಗುವವರೆಗೆ ಮೆಲ್ಲಗೆ ಎಳೆದ ಮೇಲೆ ಒಂದೇ ಸಮನೆ ಜೋರಾಗಿ ಎಳೆಯಬೇಕು. ಒಮ್ಮೆ ಕೆಮ್ಮಿದ ಕೂಡಲೇ ಚೋಕನ್ನು ಅರ್ಧಕ್ಕೆ ಒಳತಳ್ಳಿ ಮತ್ತೆ ಎಳೆಯಬೇಕು. ಇಲ್ಲೊಂದು ಮಾತು ಬೆಂಗಳೂರಿನವರಿಗೇ ಅನ್ವಯಿಸುತ್ತದೆ: ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಗಾಳಿ ತುಸು ತೆಳುವು. ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಮೊದಲೇ ಸ್ವಲ್ಪ ಹೆಚ್ಚು ಪೆಟ್ರೋಲು ಕೊಡುತ್ತಿರುತ್ತದೆ. ಮಲ್ಪೆಯಲ್ಲಿ ಕಲಿತ ಕೈ ಇಲ್ಲಿಯೂ ಅಷ್ಟೇ ಹೊತ್ತು ಚೋಕ್ ಹಿಡಿದರೆ ಎಂಜಿನ್ ಓವರ್‌ಫ್ಲೋ ಆಗುತ್ತದೆ, ಅಂದರೆ ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ನೆನೆದುಹೋಗುತ್ತದೆ. ಹಾಗಾದರೆ ಪ್ಲಗ್ಗು ಬಿಚ್ಚಿ ಒಣಗಿಸಿ, ಹತ್ತು ನಿಮಿಷ ಬಿಟ್ಟು, ಚೋಕ್ ಇಲ್ಲದೆ ಥ್ರಾಟಲನ್ನು ತುಸು ತೆರೆದು ಎಳೆಯಬೇಕು. ಬೇಗ ಹೊತ್ತಿಕೊಳ್ಳಲೆಂದು ಈಥರ್ ಸ್ಪ್ರೇ ಹೊಡೆಯುವ ಚಾಳಿಯನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಟೂ-ಸ್ಟ್ರೋಕಿಗೆ ಬೇಕಾದ ಆಯಿಲ್ ಇರುವುದಿಲ್ಲ.

ಎಂಜಿನ್ ಓಡತೊಡಗಿದ ಕೂಡಲೇ ನೋಡಬೇಕಾದದ್ದು ಹಿಂಬದಿಯ ಸಣ್ಣ ಕಿಂಡಿಯಿಂದ ಚಿಮ್ಮುವ ನೀರನ್ನು; ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಅರ್ಧ ನಿಮಿಷದೊಳಗೆ ಅದು ಕಾಣದಿದ್ದರೆ ಎಂಜಿನ್ನನ್ನು ನಿಲ್ಲಿಸಿಬಿಡಬೇಕು.

ನಮ್ಮ ಎಂಜಿನ್ ಚೋಕ್ ಎಳೆದಿದ್ದಾಗ ಓಡುತ್ತಿತ್ತು, ಒಳತಳ್ಳಿದರೆ ಸಾಯುತ್ತಿತ್ತು. ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲು ಕೊಡುವ ಪೈಲಟ್ ಜೆಟ್ ಕಟ್ಟಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತಿಲ್ಲ. ಕಾರ್ಬ್ಯುರೇಟರನ್ನು ಬಿಚ್ಚಿ, ಜೆಟ್ಟುಗಳನ್ನು ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದರೆ ರಂಧ್ರ ದುಂಡಗೆ ಕಾಣಬೇಕು. ಉಕ್ಕಿನ ತಂತಿ ಚುಚ್ಚಿದರೆ ಮೆತ್ತನೆಯ ಹಿತ್ತಾಳೆಯ ರಂಧ್ರ ದೊಡ್ಡದಾಗಿ ಜೆಟ್ಟೇ ಹಾಳಾಗುತ್ತದೆ. ಗಾಳದ ನೈಲಾನ್ ದಾರ ಸಾಕು. ಮರಳಿ ಜೋಡಿಸಿದ ಮೇಲೆ ಅದು ಮೂರನೆಯ ಎಳೆತಕ್ಕೆ ಹೊತ್ತಿಕೊಂಡಿತು.

ಕರಾವಳಿಯಲ್ಲಿ ಸೀಮೆಎಣ್ಣೆಯಿಂದ ಓಡುವ ನಾಡದೋಣಿಗಳ ಎಂಜಿನ್ನನ್ನು ಪೆಟ್ರೋಲಿನಲ್ಲಿ ಹೊತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರುತ್ತಾರೆ. ಮರುದಿನದ ಮೊದಲ ಎಳೆತಕ್ಕೆ ಬಟ್ಟಲಿನಲ್ಲಿ ಹಗುರವಾದ ಇಂಧನವೇ ಸಿಗಲಿ ಎಂಬುದು ಇದರ ಲೆಕ್ಕ. ತಿಂಗಳುಗಟ್ಟಲೆ ಎತ್ತಿಡುವ ನಮಗೆ ಬಟ್ಟಲು ಪೂರ್ತಿ ಖಾಲಿಯಾಗಿರುವುದೇ ಒಳ್ಳೆಯದು: ಪೈಪು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಿಧಾನಗತಿಯಲ್ಲಿ ಓಡಿಸಿ, ಉಳಿದದ್ದನ್ನು ತಳದ ಸ್ಕ್ರೂ ಬಿಚ್ಚಿ ಇಳಿಸಬೇಕು. ಡ್ರಮ್ಮಿನ ನೀರಿನ ಮೇಲೆ ತೇಲುವ ಎಣ್ಣೆಯ ಪೊರೆಯನ್ನು ಹಳೆಯ ಬಟ್ಟೆಯಿಂದ ಹೀರಿಸಿ ತೆಗೆಯಬೇಕು. ಅದನ್ನು ಹಾಗೆಯೇ ಚರಂಡಿಗೆ ಸುರಿದರೆ ರಾಜಕಾಲುವೆಯ ಮೂಲಕ ಯಾವುದಾದರೊಂದು ಕೆರೆಗೇ ಹೋಗಿ ಸೇರುತ್ತದೆ.